ಕೆಲಸದ ಅಂಗಿಗೆ ಮೊದಲು ದುಡ್ಡು, ಪೇಟೆ ಅಂಗಿಗೆ ಆಮೇಲೆ

ಮೇ ಮುಗೀತಾ ಬಂತು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. ಮೈಲುತುತ್ತ ತಂದಾಯ್ತಾ, ಸುಣ್ಣ ಎಲ್ಲಿ ಚೆನ್ನಾಗಿದೆ, ದೋಟಿಯವ್ರು ಯಾವಾಗ ಸಿಗ್ತಾರೆ. ಮಳೆ ಹಿಡಿಯೋದ್ರೊಳಗೆ ಮೊದಲ ಔಷಧಿ ಮುಗೀಬೇಕು, ಸರಿಯೇ. 100 ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ ಅನ್ನೋ ಲೆಕ್ಕ ನಮ್ಮ ಮನೆ ಮಕ್ಕಳಿಗೂ ಬಾಯಿಪಾಠ. ಆದ್ರೆ ಅದನ್ನ ಹೊಡೆಯೋನು ಮೈಮೇಲೆ ಏನು ಹಾಕ್ಕೊಂಡಿರಬೇಕು ಅನ್ನೋ ಲೆಕ್ಕ ಯಾರೂ ಕೇಳಲ್ಲ, ಯಾರೂ ಹೇಳಲ್ಲ. ಇವತ್ತು ಅದನ್ನೇ ಬರೀತಿದ್ದೀನಿ. ಬಟ್ಟೆ ವಿಷಯ ಅಂದ ಕೂಡ್ಲೇ ಹೆಂಗಸರ ವಿಷಯ ಅಂತ ದಾಟಿ ಹೋಗಬೇಡಿ. ಹೆಂಗಸರ ವಿಷಯಾನೂ ಬರತ್ತೆ, ಆದ್ರೆ ನೀವು ಅಂದ್ಕೊಂಡ ಹಾಗಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಾವು ಬಟ್ಟೆಗೆ ಹಾಕೋ ದುಡ್ಡು ಕಮ್ಮಿಯೇನಲ್ಲ, ಆದ್ರೆ ತಲೆಕೆಳಗಾಗಿ ಹಾಕ್ತಿದ್ದೀವಿ. ವರ್ಷಕ್ಕೆ ಹತ್ತು ಸಲ, ಸಲಕ್ಕೆ ಮೂರು ಗಂಟೆ ಹಾಕೋ ಮದುವೆ-ಉಪನಯನದ ಅಂಗಿಗೆ ಎರಡು ಸಾವಿರ. ವರ್ಷದಲ್ಲಿ ಮುನ್ನೂರು ದಿನ ಮೈಮೇಲಿರೋ ತೋಟದ ಅಂಗಿಗೆ ಸೊನ್ನೆ. "ತೋಟಕ್ಕೆ ಯಾವ್ದೋ ಒಂದು ಹರಕು ಸಾಕು" ಅನ್ನೋದು ನಮ್ಮಲ್ಲಿ ಒಂಥರಾ ಶಾಸ್ತ್ರವೇ ಆಗಿದೆ. ಒಂದು ಅಂಗಿ ನಮ್ಮನೆಯಲ್ಲಿ ಹೇಗೆ ಬಾಳತ್ತೆ ನೋಡಿ. ಮೊದಲ ವರ್ಷ ಮದುವೆಗೆ. ಎರಡನೇ ವರ್ಷ ಪೇಟೆಗೆ, ಸೊಸೈಟಿಗೆ. ಆಮೇಲೆ ಡೈರಿಗೆ ಹಾಲು ಹಾಕೋಕೆ. ಕಾಲರ್ ಸವೆದ ಮೇಲೆ ಮನೆಯಲ್ಲಿ. ಮೊಣಕೈ ಹರಿದು, ಎರಡು ಗುಂಡಿ ಹೋಗಿ, ಬಟ್ಟೆ ಜರಡಿ ಹಂಗಾದ ಮೇಲೆ ತೋಟಕ್ಕೆ. ಅಂದ್ರೆ ಬಿಸಿಲು, ಮುಳ್ಳು, ಔಷಧಿ, ಬೆಂಕಿ ಎಲ್ಲ ಎದುರಿಸಬೇಕಾದ ಕೆಲಸಕ್ಕೆ ಆ ಅಂಗಿ ಬರೋ ಹೊತ್ತಿಗೆ ಅದರ ಶಕ್ತಿಯೇ ಮುಗಿದಿರತ್ತೆ.

ಔಷಧಿ ಹೊಡೆಯೋದನ್ನೇ ಮೊದಲು ತಗೊಳ್ಳಿ. ಹಿಂದೆ ಮರ ಹತ್ತಿ ಹೊಡೀತಿದ್ರು. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಹೊಡೀತೀವಿ. ಬೀಳೋ ಭಯ ಹೋಯ್ತು, ಅದು ಸಣ್ಣ ಉಪಕಾರ ಅಲ್ಲ. ಆದ್ರೆ ಈಗ ಹೊಡೆಯೋನು ದಿನವಿಡೀ ಕತ್ತೆತ್ತಿ ಮೇಲೆ ನೋಡ್ತಾ ನಿಂತಿರ್ತಾನೆ, ಕೊನೆಗೆ ಹೊಡೆದದ್ದರಲ್ಲಿ ಒಂದು ಪಾಲು ವಾಪಸ್ ಅವನ ಮುಖದ ಮೇಲೇ ಇಳಿಯತ್ತೆ. ಸುಣ್ಣ, ಮೈಲುತುತ್ತ ಎರಡೂ ಕಣ್ಣಿಗೆ ಒಳ್ಳೇದಲ್ಲ. ಸಂಜೆ ಕಣ್ಣು ಕೆಂಪಗೆ ಮಾಡ್ಕೊಂಡು ಬರೋ ದೋಟಿಯವ್ರನ್ನ ನಾವೆಲ್ಲ ನೋಡಿದ್ದೀವಿ, "ರಾತ್ರಿ ಮಲಗಿದ್ರೆ ಸರಿಹೋಗತ್ತೆ" ಅಂತ ಕಾಫಿ ಕೊಟ್ಟು ಕಳಿಸಿದ್ದೀವಿ. ನೂರು ರೂಪಾಯಿಗೆ ಸುತ್ತಲೂ ಮುಚ್ಚಿರೋ ಕನ್ನಡಕ ಸಿಗತ್ತೆ. ಒಂದು ದಿನದ ಕೂಲಿಯಲ್ಲಿ ಎಷ್ಟನೇ ಪಾಲು, ನೀವೇ ಲೆಕ್ಕ ಹಾಕಿ.

"ಬೋರ್ಡೋ ಏನ್ ವಿಷಾನಾ?" ಅಂತ ಕೇಳ್ತೀರಿ. ಕೀಟನಾಶಕದ ಹಾಗಲ್ಲ, ಒಪ್ಪಿದೆ. ಆದ್ರೆ ಅದೇ ಹರಕು ಅಂಗಿ, ಅದೇ ಬರಿಗಾಲಲ್ಲಿ ಶುಂಠಿಗೂ ಭತ್ತಕ್ಕೂ ಹೊಡೀತೀವಲ್ಲ? ಆ ಡಬ್ಬಿ ಮೇಲೆ ತ್ರಿಕೋನದ ಗುರುತು ಇರತ್ತೆ, ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಅಂದ್ರೆ ಅತಿ ವಿಷ, ಹಳದಿ ಅದರ ಕೆಳಗಿನದು. ಹಸಿರಿಗೂ ಕೆಂಪಿಗೂ ನಮ್ಮ ಬಟ್ಟೆ ಮಾತ್ರ ಒಂದೇ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೀತಾ 20ಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದ್ರು. ಕುಡಿದು ಸತ್ತವರಲ್ಲ ಅವರು, ಹೊಡೀತಾ ಸತ್ತವರು.

ನಮ್ಮಲ್ಲಿ ಎಲ್ಲರೂ ಮೂಗಿಗೆ ಟವೆಲ್ ಕಟ್ಟತಾರೆ. ಮೂಗು ಕಟ್ಟಿದ್ರೆ ಮುಗೀತು ಅನ್ನೋ ಭಾವನೆ. ಆದ್ರೆ ಔಷಧಿ ಹೊಡೆಯೋವಾಗ ವಿಷ ಹೆಚ್ಚಾಗಿ ಒಳಗೆ ಹೋಗೋದು ಚರ್ಮದಿಂದ. ಅದರಲ್ಲೂ ಮೈಯ ಎಲ್ಲಾ ಜಾಗ ಒಂದೇ ಥರ ಹೀರಲ್ಲ. ಅಂಗೈ ನಿಧಾನ. ಹಣೆ, ನೆತ್ತಿ, ಕಿವಿಯ ಹಿಂದೆ ಬೇಗ. ಎಲ್ಲಕ್ಕಿಂತ ಬೇಗ ಹೀರೋದು ತೊಡೆಸಂದು. ಈಗ ನಮ್ಮ ಬೆನ್ನಿನ ಕ್ಯಾನು ಎಲ್ಲಿ ಸೋರತ್ತೆ ಯೋಚ್ನೆ ಮಾಡಿ. ಮುಚ್ಚಳದಿಂದ ಬೆನ್ನಿಗೆ, ಬೆನ್ನಿಂದ ಸೊಂಟಕ್ಕೆ, ಸೊಂಟದಿಂದ ಚಡ್ಡಿಗೆ. ಒದ್ದೆ ಚಡ್ಡಿಯಲ್ಲೇ ಮಧ್ಯಾಹ್ನದವರೆಗೆ ಕೆಲಸ. ಮೂಗಿಗೆ ಕಟ್ಟಿದ ಟವೆಲ್ ಕಥೆಯೂ ಅಷ್ಟೇ. ಒಣಗಿದ್ದಾಗ ಸ್ವಲ್ಪ ತಡೆಯತ್ತೆ, ಒದ್ದೆಯಾದ ಮೇಲೆ ವಿಷವನ್ನ ಬಾಯಿಗೆ ಒತ್ತಿ ಹಿಡಿದ ಹಾಗೆ.

ಹಾಗಾದ್ರೆ ಏನು ಹಾಕ್ಕೋಬೇಕು? ಪತ್ರಿಕೆಯಲ್ಲಿ ಬರೋ ಚಿತ್ರದ ಹಾಗೆ ಗಗನಯಾತ್ರಿ ಉಡುಪು ಬೇಡ, ನಮ್ಮ ಸೆಕೆಗೆ ಅದು ಆಗೋದೂ ಇಲ್ಲ. ದಪ್ಪ ಹತ್ತಿ ಬಟ್ಟೆಯ ತುಂಬುತೋಳಿನ ಅಂಗಿ, ಕಾಲರ್ ಗುಂಡಿ ಹಾಕೋ ಹಾಗಿರಬೇಕು. ಅದೇ ಥರದ ಪ್ಯಾಂಟು. ಕ್ಯಾನ್ ಬೆನ್ನಿಗೆ ಹಾಕೋದಾದ್ರೆ ಪ್ಲಾಸ್ಟಿಕ್ ಏಪ್ರನ್ ಎದೆಗಲ್ಲ, ತಿರುಗಿಸಿ ಬೆನ್ನಿಗೆ ಕಟ್ಟಿ. ಕೈಗೆ ಮೊಣಕೈವರೆಗಿನ ರಬ್ಬರ್ ಗ್ಲೌಸು. ತೆಳ್ಳಗಿನ ಆಸ್ಪತ್ರೆ ಗ್ಲೌಸಲ್ಲ, ಅದು ಹತ್ತು ನಿಮಿಷಕ್ಕೆ ಹರಿಯತ್ತೆ. ತಲೆಗೆ ನಮ್ಮ ಹಾಳೆ ಟೊಪ್ಪಿಗಿಂತ ಒಳ್ಳೇದು ಯಾವ್ದೂ ಇಲ್ಲ. ನೀರು ಹೀರಲ್ಲ, ದುಡ್ಡಿಲ್ಲ, ಸಂಜೆ ಎಸೆದು ಬೆಳಿಗ್ಗೆ ಹೊಸದು ಮಾಡ್ಕೋಬಹುದು. ಕಂಪನಿ ಹೆಸರಿರೋ ಬಟ್ಟೆ ಟೋಪಿ ಔಷಧಿ ಅಂಗಡಿಯವ್ರು ಪುಕ್ಕಟೆ ಕೊಡ್ತಾರೆ ಅಂತ ಹಾಕ್ಕೋತೀವಿ, ಅದು ಇಡೀ ದಿನದ ಔಷಧಿಯನ್ನ ಹೀರಿ ನೆತ್ತಿಗೆ ಉಜ್ಜತ್ತೆ.

ಇಲ್ಲಿ ಒಂದು ಸಣ್ಣ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಔಷಧಿ ಹೊಡೆಯೋವಾಗ ಪ್ಯಾಂಟನ್ನ ಬೂಟಿನ ಒಳಗೆ ತೂರಿಸಬಾರದು, ಹೊರಗೆ ಬಿಡಬೇಕು. ಒಳಗೆ ತೂರಿಸಿದ್ರೆ ಮೇಲಿಂದ ಇಳಿದದ್ದೆಲ್ಲ ಬೂಟಿನೊಳಗೆ ತುಂಬಿಕೊಳ್ಳತ್ತೆ. ಕೈಗೆ, ಕೆಳಗೆ ಗಿಡಕ್ಕೆ ಹೊಡೆಯೋದಾದ್ರೆ ಅಂಗಿ ತೋಳು ಗ್ಲೌಸಿನ ಮೇಲೆ ಬರಬೇಕು. ದೋಟಿಯಲ್ಲಿ ಮೇಲಕ್ಕೆ ಹೊಡೆಯೋದಾದ್ರೆ ಉಲ್ಟಾ, ತೋಳು ಗ್ಲೌಸಿನ ಒಳಗೆ. ಕೈ ಮೇಲಿದ್ದಾಗ ನೀರು ಎತ್ತ ಹರಿಯತ್ತೆ ಅಂತ ನೋಡಿದ್ರೆ ತಾನೇ ಅರ್ಥ ಆಗತ್ತೆ.

ಇನ್ನು ಸಂಜೆ ಆ ಬಟ್ಟೆ ಒಗೆಯೋದು ಯಾರು? ಮನೆಯ ಹೆಂಗಸರು, ಬರಿಗೈಯಲ್ಲಿ, ಮಕ್ಕಳ ಯೂನಿಫಾರ್ಮ್ ಜೊತೆ ಒಂದೇ ಬಕೆಟ್ಟಿನಲ್ಲಿ. ಔಷಧಿ ಹೊಡೆದವನೇ ತನ್ನ ಬಟ್ಟೆ ಬೇರೆ ಬಕೆಟ್ಟಿನಲ್ಲಿ, ಗ್ಲೌಸ್ ತೆಗೆಯೋಕೆ ಮೊದಲೇ ಜಾಲಿಸಬೇಕು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ನಗೋರು ನಗಲಿ. ಬೋರ್ಡೋ ಕಲೆಗೆ ಸೋಪು ಉಜ್ಜಿ ಪ್ರಯೋಜನ ಇಲ್ಲ, ನಿಂಬೆಹುಳಿ ಅಥವಾ ವಿನೆಗರ್ ಹಾಕಿ ಸ್ವಲ್ಪ ಹೊತ್ತು ಬಿಟ್ರೆ ಬಿಡತ್ತೆ.

ಬಟ್ಟೆಯ ಜಾತಿ ಬಗ್ಗೆ ನಮ್ಮಲ್ಲಿ ಎರಡು ಪಕ್ಷ ಇದೆ. ಹತ್ತಿಯೇ ಸರಿ ಅನ್ನೋರು, ಪಾಲಿಸ್ಟರೇ ಬಾಳಿಕೆ ಅನ್ನೋರು. ನಾನು ಎರಡೂ ಪಕ್ಷದವನಲ್ಲ, ಯಾಕಂದ್ರೆ ನಮ್ಮ ಮಳೆ ಯಾವ ಪಕ್ಷವನ್ನೂ ಗೆಲ್ಲೋಕೆ ಬಿಡಲ್ಲ. ಜುಲೈನಲ್ಲಿ ದಪ್ಪ ಹತ್ತಿ ಪ್ಯಾಂಟು ಒಗೆದು ಹಾಕಿದ್ರೆ ನಾಲ್ಕು ದಿನ ಒಣಗಲ್ಲ. ಬಚ್ಚಲೊಲೆ ಮೇಲಿನ ಹಗ್ಗದಲ್ಲಿ ಜಾಗಕ್ಕೆ ಜಗಳ. ಅರೆ ಒಣಗಿದ್ದನ್ನ ಹಾಕ್ಕೊಂಡು ಹೋಗಿ ತೊಡೆಸಂದಿಗೆ ಹುಳುಕಡ್ಡಿ ಬರಿಸ್ಕೊಂಡವರು ಎಷ್ಟು ಜನ ಇಲ್ಲ? ಮುಲಾಮು ಹಚ್ಚೋದು, ಮತ್ತೆ ಒದ್ದೆ ಬಟ್ಟೆ, ಮತ್ತೆ ಮುಲಾಮು. ಅದಕ್ಕೇ ಮಳೆಗಾಲದಲ್ಲಿ ಕಾಲಿಗೆ ತೆಳ್ಳಗಿನ ಟ್ರ್ಯಾಕ್ ಪ್ಯಾಂಟು ವಾಸಿ. ಹಿಂಡಿ ಹಾಕಿದ್ರೆ ಬೆಳಿಗ್ಗೆಗೆ ರೆಡಿ. ಜೀನ್ಸ್ ಅಂತೂ ನಮ್ಮ ಊರಿನ ಮಳೆಗಾಲಕ್ಕೆ ಮಾಡಿದ ಬಟ್ಟೆಯೇ ಅಲ್ಲ. ಒದ್ದೆಯಾದ್ರೆ ಎರಡು ಕೇಜಿ ತೂಕ, ಒಣಗೋ ಹೊತ್ತಿಗೆ ಮುಗ್ಗಲು ವಾಸನೆ.

ಆದ್ರೆ ಅದೇ ಟ್ರ್ಯಾಕ್ ಪ್ಯಾಂಟು ಹಾಕ್ಕೊಂಡು ಅಡಿಕೆ ಬೇಯಿಸೋ ಒಲೆ ಮುಂದೆ ಕೂರಬೇಡಿ. ಪಾಲಿಸ್ಟರ್, ನೈಲಾನ್ ಬೆಂಕಿ ತಾಗಿದ್ರೆ ಉರಿಯೋದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟಿಕೊಳ್ಳತ್ತೆ. ಕಿತ್ತರೆ ಚರ್ಮಾನೇ ಬರತ್ತೆ. ಸುಗ್ಗಿಯಲ್ಲಿ ಹಂಡೆ ಮುಂದೆ ಬೆಳಗಿನ ಜಾವದವರೆಗೆ ಇರೋದು ಯಾರು ಅಂತ ನೋಡಿ. ಹೆಚ್ಚಿನ ಮನೆಯಲ್ಲಿ ಪಾಲಿಸ್ಟರ್ ನೈಟಿ ಹಾಕ್ಕೊಂಡಿರೋ ಹೆಂಗಸರು. ಒಲೆ ಕೆಲಸಕ್ಕೆ ಮೈಗೆ ಹತ್ತಿರ ಇರೋ ದಪ್ಪ ಹತ್ತಿ ಬಟ್ಟೆಯೇ ಬೇಕು, ಜೋತಾಡೋ ಸೆರಗು, ವೇಲು ಇರಬಾರದು. ಹತ್ತಿಗೂ ಬೆಂಕಿ ಹತ್ತತ್ತೆ, ಆದ್ರೆ ಮೈಗೆ ಅಂಟಲ್ಲ. ಕಿತ್ತೆಸೆಯೋಕೆ, ನೀರು ಸುರಿಯೋಕೆ ಸಮಯ ಸಿಗತ್ತೆ.

ಚೊಗರಿನ ವಿಷಯಕ್ಕೆ ಬಂದೆ, ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಅಡಿಕೆ ಸುಲಿಯೋವಾಗ, ಬೇಯಿಸೋವಾಗ ಚೊಗರು ಬಿದ್ದ ಅಂಗಿಯನ್ನ ನಾವು ಹಾಳಾಯ್ತು ಅಂತೀವಿ. ಹೆಗ್ಗೋಡಿನ ಹತ್ತಿರದ ಚರಕ ಮಹಿಳಾ ಸಹಕಾರಿಯವರು ಅದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕ್ತಾರೆ, ಬೆಂಗಳೂರಿನವರು ಹುಡುಕಿಕೊಂಡು ತಗೋತಾರೆ. ನಮ್ಮ ತೋಟದ ಬಣ್ಣ ಅವರ ಮೈಮೇಲೆ, ಸೂರತ್ತಿನ ಪಾಲಿಸ್ಟರ್ ನಮ್ಮ ಮೈಮೇಲೆ. ಇರಲಿ.

ಕಾಲಿನ ವಿಷಯ. ಗಮ್‌ಬೂಟ್ ಈಗ ನಮ್ಮ ಪೇಟೆಯಲ್ಲಿ ನಾನೂರು ರೂಪಾಯಿ ಹತ್ತಿರ ಇದೆ. ಹಾಕಿ ಅಂದ್ರೆ ಬರೋ ಉತ್ತರ ಎಲ್ಲರ ಮನೆಯಲ್ಲೂ ಒಂದೇ: "ಬಿಸಿ ಆಗ್ತದೆ ಮಾರಾಯ್ರೆ, ಕಾಲು ಬೇಯ್ತದೆ." ಸುಳ್ಳಲ್ಲ. ಬರಿಗಾಲಿಗೆ ಬೂಟು ಹಾಕಿದ್ರೆ ಬೇಯತ್ತೆ, ಉಜ್ಜತ್ತೆ. ಹತ್ತಿ ಸಾಕ್ಸ್ ಹಾಕಿ, ಒಂದು ನಂಬರ್ ದೊಡ್ಡದು ತಗೊಳ್ಳಿ, ಕಾಫಿ ಕುಡಿಯೋವಾಗ ಬಿಚ್ಚಿ ಎರಡು ಕೋಲು ನೆಟ್ಟು ಬೋರಲಾಗಿ ಹಾಕಿ. ಮಾರನೇ ದಿನ ಹಾಕೋ ಮೊದಲು ಕೊಡವಿ, ಒಳಗೆ ಚೇಳು ಕೂತಿರತ್ತೆ.

ಬೂಟು ಯಾಕೆ ಅಂದ್ರೆ ಹಾವು. ಹಾವು ಕಚ್ಚೋದು ಹೆಚ್ಚಾಗಿ ಪಾದಕ್ಕೆ, ಮೊಣಕಾಲಿನ ಕೆಳಗೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನ ಅಧಿಸೂಚಿತ ಕಾಯಿಲೆ ಅಂತ ಘೋಷಿಸಿತು, ಅಂದ್ರೆ ಆಸ್ಪತ್ರೆಗಳು ಪ್ರತಿ ಪ್ರಕರಣದ ಲೆಕ್ಕ ಕೊಡಲೇಬೇಕು. ನಮ್ಮ ಮಲೆನಾಡಿಗೆ ಇನ್ನೊಂದು ತೊಂದರೆ ಇದೆ. ಆಸ್ಪತ್ರೆಯಲ್ಲಿ ಕೊಡೋ ಹಾವಿನ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ನಮ್ಮ ತೋಟದ ಏಲಕ್ಕಿ ಬುಡದಲ್ಲಿ, ಕಾಳುಮೆಣಸಿನ ಬಳ್ಳಿಯಲ್ಲಿ ಸುತ್ತಿಕೊಂಡಿರೋ ಗುಳಿಮಂಡಲಗಳು ಆ ಪಟ್ಟಿಯಲ್ಲಿ ಇಲ್ಲ. ಮದ್ದಿಲ್ಲದ ಕಡಿತಕ್ಕೆ ಬೂಟೇ ಮದ್ದು.

ಉಂಬಳಕ್ಕೆ ಮಾತ್ರ ಬೂಟು ಸಾಲದು, ಅದು ಬೂಟು ಹತ್ತಿ ಒಳಗಿಳಿಯತ್ತೆ. ಅಂಗಡಿಯಲ್ಲಿ ಸಿಗೋ ಹೆಣೆದ ಸಾಕ್ಸಿನ ತೂತಲ್ಲೂ ತೂರತ್ತೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಲ್ಲಿ ಮೊಣಕಾಲವರೆಗೆ ಚೀಲದ ಹಾಗೆ ಹೊಲಿಸಿ, ಮೇಲೆ ಲಾಡಿ ಕಟ್ಟಿಸಿ. ಕಾಡು ಸುತ್ತೋಕೆ ಬರೋ ಪೇಟೆಯವರು ಇಂಥದ್ದನ್ನ ಐನೂರು ಕೊಟ್ಟು ತರಿಸ್ಕೋತಾರೆ. ನಮ್ಮ ಟೈಲರ್ ಹಳೇ ಬೆಡ್‌ಶೀಟಿನಲ್ಲಿ ಐವತ್ತು ರೂಪಾಯಿಗೆ ಹೊಲಿದು ಕೊಟ್ಟ. ಇಲ್ಲಿ ಪ್ಯಾಂಟು ಒಳಗೇ ಹೋಗಬೇಕು, ಔಷಧಿ ದಿನದ ಹಾಗಲ್ಲ.

ಇದೇ ಚೀಲ ಬೇಸಿಗೆಯಲ್ಲೂ ಉಪಯೋಗಕ್ಕೆ ಬರತ್ತೆ. ಸೊಪ್ಪಿನ ಬೆಟ್ಟಕ್ಕೆ, ದರಗು ಗುಡಿಸೋಕೆ ಹೋಗೋವಾಗ ಉಣುಗು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಇಷ್ಟು ವರ್ಷ ಆದ್ರೂ ಡಿಸೆಂಬರಿನಿಂದ ಮೇವರೆಗೆ ಅದರ ಹೆದರಿಕೆ ತಪ್ಪಿಲ್ಲ. ಮೈ ಮುಚ್ಚೋ ತಿಳಿ ಬಣ್ಣದ ಬಟ್ಟೆ ಹಾಕಿ, ಉಣುಗು ಹತ್ತಿದ್ರೆ ಕಾಣತ್ತೆ. ಆರೋಗ್ಯ ಇಲಾಖೆಯವ್ರು ಕೊಡೋ ಡೇಪಾ ಎಣ್ಣೆ ಕಪಾಟಿನಲ್ಲಿ ಇಡೋಕೆ ಅಲ್ಲ. ಬಂದ ಕೂಡ್ಲೇ ಆ ಬಟ್ಟೆ ಬಿಸಿನೀರಿಗೆ.

ಈಗ ಹೆಂಗಸರ ವಿಷಯ. ನೈಟಿ, ಅದರ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ, ತಲೆಗೊಂದು ಟವೆಲ್. ಈ ಉಡುಪನ್ನ ಯಾವ ಕೃಷಿ ವಿಶ್ವವಿದ್ಯಾಲಯವೂ ಹೇಳಿಕೊಟ್ಟಿದ್ದಲ್ಲ, ಅವರೇ ಕಂಡುಕೊಂಡದ್ದು, ಬಹುಪಾಲು ಸರಿಯಾಗೇ ಇದೆ. ಅಂಗಿ ಬಿಸಿಲು ತಡೆಯತ್ತೆ, ಭತ್ತದ ಗರಿ ಕೊಯ್ಯೋದನ್ನ ತಡೆಯತ್ತೆ, ಚೊಗರು ತಡೆಯತ್ತೆ. ಸೀರೆಯ ನೆರಿಗೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳೋದು ತಪ್ಪಿತು. ತಪ್ಪಿರೋದು ಮೂರು ಕಡೆ. ಒಂದು, ಜೇಬಿಲ್ಲ. ಮೊಬೈಲು, ಕತ್ತಿ, ಕವಳದ ಸಂಚಿ, ಎಲ್ಲ ಸೊಂಟಕ್ಕೆ ಸಿಕ್ಕಿಸಬೇಕು. ಎರಡು, ಸುಲಿಯೋ ಯಂತ್ರ, ಭತ್ತದ ಯಂತ್ರದ ಬೆಲ್ಟಿನ ಹತ್ತಿರ ಜೋಲೋ ಬಟ್ಟೆ. ವೇಲಿನ ತುದಿ ಸಿಕ್ಕಿದ್ರೆ ಮೋಟಾರು ಕೇಳಲ್ಲ, ಎಳೀತಾನೇ ಹೋಗತ್ತೆ. ಗಂಡಸರ ಪಂಚೆಗೂ ಇದೇ ಮಾತು, ಪವರ್ ಟಿಲ್ಲರ್ ಹತ್ತಿರ ಪಂಚೆ ಉಟ್ಟು ನಿಲ್ಲೋದು ಧೈರ್ಯ ಅಲ್ಲ. ಮೂರು, ಬೂಟು. ಅಂಗಡಿಗೆ ಹೋಗಿ ಕೇಳಿ ನೋಡಿ, ಏಳು, ಎಂಟು, ಒಂಬತ್ತು ನಂಬರ್ ಇರತ್ತೆ. ನಾಲ್ಕು, ಐದು ಇಲ್ಲ. "ಹೆಂಗಸ್ರು ಯಾರು ಸ್ವಾಮಿ ಬೂಟ್ ಕೇಳ್ತಾರೆ?" ಅಂತ ಅಂಗಡಿಯವನು ಕೇಳ್ತಾನೆ. ಗದ್ದೆ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲು ಹೆಂಗಸರದ್ದೇ, ಅವರಿಗೆ ಬೂಟಿನ ನಂಬರೇ ಇಲ್ಲ. ಗಂಡನ ಎಂಟು ನಂಬರ್ ಬೂಟು ಹಾಕ್ಕೊಂಡು ಸಂಕದ ಮೇಲೆ ಜಾರಿದ್ರೆ "ಬೂಟ್ ಹಾಕಿದ್ದಕ್ಕೇ ಬಿದ್ದಿದ್ದು" ಅಂತ ಬೈಸ್ಕೋಬೇಕು.

ಮೊಣಕಾಲಿನವರೆಗೆ ಬರೋ ಹತ್ತಿ ಕುರ್ತಾ ಥರದ್ದು, ತುಂಬುತೋಳು, ಎರಡು ಆಳವಾದ ಜೇಬು, ಕೆಳಗೆ ಪೈಜಾಮ. ಇದಿಷ್ಟು ಸಾಕು. ಹೊಲಿಸಿದ ಮೇಲೆ ನಮ್ಮನೆಯವಳು ಮೊದಲು ಹೇಳಿದ್ದು ಬಟ್ಟೆ ಬಗ್ಗೆ ಅಲ್ಲ, "ಜೇಬು ಇನ್ನೂ ಸ್ವಲ್ಪ ದೊಡ್ಡದಾಗಬಹುದಿತ್ತು" ಅಂತ.

ಪೇಟೆ ಬಟ್ಟೆಗೆ ಬರೋಣ, ಇಲ್ಲಿ ಉಳಿಸಬೇಕು ಅನ್ನೋದು ನನ್ನ ವಾದ. ನೆನಪಿರಬಹುದು, 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ತಲೆ ಮೇಲೆ ಗಂಟು ಹೊತ್ತ ರೈತರೊಬ್ಬರನ್ನ ತಡೆದರು. ಟಿಕೆಟ್ ಕೈಯಲ್ಲಿತ್ತು. ಬೇರೆ ಪ್ರಯಾಣಿಕರು ಜಗಳ ಮಾಡಿದ ಮೇಲೆ ಒಳಗೆ ಬಿಟ್ಟರು, ತಡೆದ ಸಿಬ್ಬಂದಿಯ ಕೆಲಸ ಹೋಯ್ತು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದಾರೆ ಅಂತ ಹಾವೇರಿ ಕಡೆಯ ಹಿರಿಯರೊಬ್ಬರನ್ನ ಒಳಗೆ ಬಿಡಲಿಲ್ಲ. ಮಗ ಸಿನಿಮಾ ತೋರಿಸೋಕೆ ಕರ್ಕೊಂಡು ಹೋಗಿದ್ದು. ಗಲಾಟೆಯಾಗಿ, ಮಾಲನ್ನ ಏಳು ದಿನ ಮುಚ್ಚಿಸ್ತೀವಿ ಅಂತ ಸರ್ಕಾರ ವಿಧಾನಸಭೆಯಲ್ಲೇ ಹೇಳಬೇಕಾಯ್ತು.

ಆವಾಗ ನಾವೆಲ್ಲ ಸಿಟ್ಟಾದ್ವಿ, ಸರಿಯಾಗೇ ಸಿಟ್ಟಾದ್ವಿ. ಆದ್ರೆ ಆಮೇಲೆ ಏನು ಮಾಡಿದ್ವಿ? "ನೋಡಿ, ಅದಕ್ಕೇ ಪೇಟೆಗೆ ಹೋಗೋವಾಗ ಒಳ್ಳೇ ಪ್ಯಾಂಟು-ಶರ್ಟು ಹಾಕ್ಕೋಬೇಕು" ಅಂತ ಮಕ್ಕಳು ಹೇಳಿದ್ರು, ನಾವು ಎರಡು ಸಾವಿರದ ಪ್ಯಾಂಟು ತಗೊಂಡ್ವಿ. ತಪ್ಪು ಗೇಟಿನವನದ್ದು, ದಂಡ ಕಟ್ಟಿದ್ದು ನಾವು. ಗೇಟಿನವನಿಗೆ ಹೆದರಿ ಬಟ್ಟೆ ಕೊಳ್ಳೋದು ನನಗೆ ಒಪ್ಪಿಗೆ ಇಲ್ಲ. ಸ್ವಚ್ಛ ಇರಬೇಕು, ಅಷ್ಟೇ. ಅದಕ್ಕೆ ದುಡ್ಡು ಬೇಡ, ಕೆಲಸದ ಬಟ್ಟೆ ಬೇರೆ, ಪೇಟೆ ಬಟ್ಟೆ ಬೇರೆ ಅಂತ ಇಟ್ಟರೆ ಸಾಕು. ಕೆಲಸಕ್ಕೆ ಅಂತಲೇ ಬಟ್ಟೆ ಇದ್ದರೆ ಪೇಟೆಯ ಅಂಗಿ ಕೊಟ್ಟಿಗೆಗೆ ಹೋಗೋದೇ ಇಲ್ಲ, ಎರಡೇ ಜೊತೆ ಐದು ವರ್ಷ ಬರತ್ತೆ.

ನನ್ನ ಪೇಟೆ ಗಂಟಿನಲ್ಲಿ ಇರೋದು ಇಷ್ಟು. ಟೆರಿಕಾಟ್ ಅಂಗಿ ಎರಡು. ಇಲ್ಲಿ ಪಾಲಿಸ್ಟರ್ ಬೆರಕೆಯೇ ಸರಿ, ಸುಕ್ಕಾಗಲ್ಲ, ರಾತ್ರಿ ತೊಳೆದು ಹಾಕಿದ್ರೆ ಬೆಳಿಗ್ಗೆ ಒಣಗಿರತ್ತೆ. ಕಪ್ಪು ಬಣ್ಣದ ಪ್ಯಾಂಟು ಒಂದು, ಒಳಜೇಬು ಹಾಕಿಸಿದ್ದು. ಅಡಿಕೆ ದುಡ್ಡು ತಗೊಂಡು ಬಸ್ ಹತ್ತೋರಿಗೆ ಒಳಜೇಬು ಬೇಕೇ ಬೇಕು. ಬಿಳಿ ಪಂಚೆ ಒಂದು. ಪಂಚೆಯನ್ನ ಮಾತ್ರ ಬಿಟ್ಟು ಹೋಗಬೇಡಿ. ಆಸ್ಪತ್ರೆಯಲ್ಲಿ ರೋಗಿ ಜೊತೆ ಎರಡು ರಾತ್ರಿ ಉಳಿದವರಿಗೆ ಗೊತ್ತು, ಉಡೋಕೂ ಅದೇ, ಹೊದೆಯೋಕೂ ಅದೇ, ನೆಲಕ್ಕೆ ಹಾಸೋಕೂ ಅದೇ, ಬಟ್ಟೆ ಬದಲಾಯಿಸೋಕೆ ಮರೆಯೂ ಅದೇ. ತಾಳಗುಪ್ಪದಿಂದ ಹೊರಡೋ ರಾತ್ರಿ ರೈಲಿಗೆ ಒಂದು ಉಲ್ಲನ್ ಶಾಲು. ಕಾಲಿಗೆ ಹಿಂದೆ ಪಟ್ಟಿ ಇರೋ ಚಪ್ಪಲಿ. ಹವಾಯಿ ಚಪ್ಪಲಿ ಹಾಕ್ಕೊಂಡು ಹೊರಟ ರೈಲಿನ ಹಿಂದೆ ಓಡೋ ಸಾಹಸ ಬೇಡ.

ಬೈಕಿನಲ್ಲಿ ಓಡಾಡೋರು ಮಳೆಗೆ ಅಂಗಿ-ಪ್ಯಾಂಟು ಬೇರೆ ಬೇರೆ ಇರೋ ರೇನ್‌ಕೋಟ್ ತಗೊಳ್ಳಿ. ಮೇಲಿಂದ ಹಾಕೋ ನಿಲುವಂಗಿ ಗಾಳಿಗೆ ಹಾರಿ ಚಕ್ರಕ್ಕೆ ಸಿಗತ್ತೆ. ತೋಟದೊಳಗಿನ ಕೆಲಸಕ್ಕೆ ರೇನ್‌ಕೋಟ್ ನನಗೆ ಸೇರಲ್ಲ, ಹೊರಗಿನ ಮಳೆಗಿಂತ ಒಳಗಿನ ಬೆವರಲ್ಲೇ ನೆನೀತೀವಿ. ನಾಟಿಗೆ ಬಗ್ಗಿದ ಬೆನ್ನಿಗೆ ಗೊರಬಿನಷ್ಟು ಒಳ್ಳೇದು ಇನ್ನೂ ಬಂದಿಲ್ಲ, ಆದ್ರೆ ಹೆಣೆಯೋರೇ ಸಿಗ್ತಿಲ್ಲ. ಕಂಬಳಿ ಕೊಪ್ಪೆ ನೆನೆದ್ರೂ ಬೆಚ್ಚಗಿಡತ್ತೆ, ಉಣ್ಣೆಯ ಗುಣ ಅದು. ಭಾರ ಅನ್ನೋದೊಂದೇ.

ಕೊನೆಯದು, ಕಷ್ಟದ್ದು. ಕೆಲಸಕ್ಕೆ ಬರೋರಿಗೆ ಇದನ್ನೆಲ್ಲ ಕೊಡಿಸೋರು ಯಾರು? "ಇವತ್ತು ನಮ್ಮ ತೋಟ, ನಾಳೆ ಪಕ್ಕದವರ ತೋಟ, ನಾನ್ಯಾಕೆ ಬೂಟು ಕೊಡಿಸ್ಬೇಕು" ಅನ್ನೋದನ್ನ ನಮ್ಮ ಕೇರಿಯಲ್ಲೇ ಕೇಳಿದ್ದೀನಿ. ದೀಪಾವಳಿಗೆ ಸೀರೆ, ಪಂಚೆ ಕೊಡೋಕೆ ಮಾತ್ರ ಈ ಪ್ರಶ್ನೆ ಏಳಲ್ಲ, ಯಾಕಂದ್ರೆ ಅದು ಪದ್ಧತಿ. ಆ ಸೀರೆ ಎಂಥದ್ದು ಅಂತಲೂ ನಮಗೆ ಗೊತ್ತು, ಮುನ್ನೂರಕ್ಕೆ ಕಟ್ಟಿನಲ್ಲಿ ತಂದದ್ದು, ಕೊಟ್ಟವರೂ ಉಡಲ್ಲ, ತಗೊಂಡವರೂ ಉಡಲ್ಲ. ಅದರ ಬದಲು, ಅಥವಾ ಅದರ ಜೊತೆಗೆ, ಮಳೆಗಾಲಕ್ಕೆ ಮೊದಲು ಕೆಲಸದ ಬಟ್ಟೆ, ಅವರ ಅಳತೆ ಕೇಳಿ. ಹಬ್ಬದ ಸೀರೆ ನಿಲ್ಲಿಸಿ ಅಂತ ಮಾತ್ರ ನಾನು ಹೇಳಲ್ಲ, ಅದು ಅವರ ಮರ್ಯಾದೆಯ ವಿಷಯ.

"ಕೊಟ್ರೂ ಹಾಕಲ್ಲ" ಅನ್ನೋ ಮಾತಿನಲ್ಲೂ ಅರ್ಧ ಸತ್ಯ ಇದೆ. ಬಿಸಿಲೇರಿದ ಮೇಲೆ ಗ್ಲೌಸು, ಏಪ್ರನ್ ಹಾಕ್ಕೊಂಡು ಹೊಡಿ ಅಂದ್ರೆ ಯಾರೂ ಹಾಕಲ್ಲ, ನೀವೂ ಹಾಕಲ್ಲ. ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಹತ್ತಕ್ಕೆ ನಿಲ್ಲಿಸಿ, ಪೂರಾ ದಿನದ ಕೂಲಿ ಕೊಡಿ, ಆಗ ಹಾಕ್ತಾರೆ. ಯಜಮಾನ ಬನಿಯನ್ನಿನಲ್ಲಿ ದೋಟಿ ಹಿಡಿದು ನಿಂತು ಕೆಲಸದವನಿಗೆ "ಕನ್ನಡಕ ಹಾಕೋ" ಅಂದ್ರೂ ಆಗಲ್ಲ.

ಕಳೆದ ವರ್ಷ ನಾನು ಒಂದು ಜೊತೆಗೆ ಕೊಟ್ಟದ್ದು ಹೀಗಿದೆ. 58 ಇಂಚು ಅಗಲದ ಹತ್ತಿ ಬಟ್ಟೆ ಅಂಗಿಗೆ ಮುಕ್ಕಾಲು ಕಮ್ಮಿ ಎರಡಲ್ಲ, ಒಂದೂ ಮುಕ್ಕಾಲು ಮೀಟರ್, 280 ರೂಪಾಯಿ, ಹೊಲಿಗೆ 300. ಪ್ಯಾಂಟಿಗೆ ಖಾಕಿ ಡ್ರಿಲ್ ಒಂದೂಕಾಲು ಮೀಟರ್, 275, ಹೊಲಿಗೆ 400. ಬೂಟು 400, ಗ್ಲೌಸು 150, ಕನ್ನಡಕ 100, ಏಪ್ರನ್ 250. ಒಟ್ಟು 2155. ಹಾಳೆ ಟೊಪ್ಪಿ ತೋಟದ್ದೇ. ಬಟ್ಟೆ ಎರಡು ವರ್ಷ, ಬೂಟು ಜೋಪಾನ ಮಾಡಿದ್ರೆ ಮೂರು ವರ್ಷ.

ನಮ್ಮ ಕೇರಿಯಲ್ಲಿ ಐದು ಮನೆಯವರು ಈ ಸಲ ಒಟ್ಟಿಗೆ ತಗೊಳ್ಳೋದು ಅಂತ ಮಾತಾಡಿದ್ದೀವಿ. ನಮ್ಮ ಐದೂ ತೋಟಕ್ಕೆ ಬರೋ ಏಳು ಜನಕ್ಕೆ ಬೂಟು, ಬಟ್ಟೆ, ಕನ್ನಡಕ ಎಲ್ಲ ಅವರ ಹತ್ರಾನೇ ಇರತ್ತೆ, ದುಡ್ಡು ಐದು ಪಾಲು. ಪಕ್ಕದ ತೋಟಕ್ಕೂ ಹಾಕ್ಕೊಂಡು ಹೋಗಲಿ, ಅಲ್ಲಿನ ಹಾವು ಬೇರೆಯಲ್ಲ. ಡ್ರಿಲ್ ಬಟ್ಟೆ ಪೂರ್ತಿ ಥಾನು ತಗೊಂಡ್ರೆ ಮೀಟರಿಗೆ ಸ್ವಲ್ಪ ಇಳಿಸ್ತೀನಿ ಅಂತ ಅಂಗಡಿಯವರು ಒಪ್ಪಿದ್ದಾರೆ. ಬೂಟಿನಂಗಡಿಯವರು ನಾಲ್ಕು, ಐದು ನಂಬರ್ ಒಂದು ಪೆಟ್ಟಿಗೆ ತರಿಸೋಕೆ ಕನಿಷ್ಠ ಹನ್ನೆರಡು ಜೊತೆ ಆಗಬೇಕಂತೆ. ಈಗ ಎಂಟು ಆಗಿದೆ. ಇನ್ನು ನಾಲ್ಕು ಜನ ಹೆಂಗಸರ ಕಾಲಿನ ಅಳತೆ ಬೇಕು. ಸಾಕ್ಸ್ ಹಾಕಿದ ಕಾಲನ್ನ ಕಾಗದದ ಮೇಲೆ ಇಟ್ಟು ಪೆನ್ಸಿಲ್ಲಲ್ಲಿ ಗೆರೆ ಎಳೆದು ಸಂತೆ ದಿನದೊಳಗೆ ತಂದುಕೊಡಿ. ಆಮೇಲೆ ಮಳೆ ಹಿಡಿದ್ರೆ ಟೈಲರ್ ಕೈಗೆ ಸಿಗಲ್ಲ, ಶಾಲೆ ಯೂನಿಫಾರ್ಮ್ ಹೊಲಿಯೋಕೆ ಕೂರ್ತಾನೆ.